ಸುಣ್ಣ, ಬೀಸುವ ಕಲ್ಲು ಮತ್ತು ಒಂದು ಒಡೆದ ಹೆಂಚು

ಅವ್ವನ ಅಲ್ಯುಮಿನಿಯಂ ಡಬರಿ ಹಾಳಾದ ದಿನ ನಾನು ಈ ಲೆಕ್ಕ ಬರೆದಿಡಲು ಶುರು ಮಾಡಿದೆ. ಅದಕ್ಕೂ ಮೊದಲು ಎರಡು ಸಲ ಮಾಡಿ ಕೆಡಿಸಿದ್ದೆ. ಏನು ಎಷ್ಟು ಹಾಕಿದ್ದೆ, ಎಷ್ಟು ಹೊತ್ತು ಬೇಯಿಸಿದ್ದೆ, ಒಂದೂ ನೆನಪಿರಲಿಲ್ಲ. ಮೂರನೇ ಸಲ ಪಾತ್ರೆಯೇ ಹೋಯಿತು. "ಬರ್ಕೊಂಡಾದ್ರೂ ಮಾಡಲೇ, ಮುಂದಿನ ಸಲ ಒಲೆ ಹೋಗ್ತತಿ" ಅಂದಳು ಅವ್ವ. ಒಂದು ಹಳೇ ಡೈರಿ ಸಿಕ್ಕಿತು.

ಮಾಡಲು ಹೊರಟಿದ್ದು ತ್ಲಾಕೋಯೊ. ಮೆಕ್ಸಿಕೋ ಸಿಟಿಯ ಬೀದಿ ತಿಂಡಿ. ಮೆಕ್ಕೆಜೋಳದ ಹಿಟ್ಟಿನೊಳಗೆ ಬೇಯಿಸಿದ ಕಾಳಿನ ಹೂರಣ ತುಂಬಿ, ಅಂಗೈಯಗಲ ತಟ್ಟಿ, ಹೆಂಚಿನ ಮೇಲೆ ಸುಡುವುದು. ಅಷ್ಟೇ. ಆ ಅಷ್ಟಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಅಕ್ಟೋಬರ್ ಕೊನೆಯಲ್ಲಿ ಕೆಲಸದ ಮೇಲೆ ಹನ್ನೆರಡು ದಿನ ಆ ಊರಿನಲ್ಲಿದ್ದೆ. ನಾನು ಮಾಂಸ ತಿನ್ನುವುದಿಲ್ಲ. ಮೊದಲ ಎರಡು ದಿನ ರೂಮಿನಲ್ಲಿ ಕೂತು ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆ. "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ ಅನ್ನುವುದನ್ನು ವಿಮಾನದಲ್ಲೇ ಕಲಿತಿದ್ದೆ. ಅದು ಸಾಲುವುದಿಲ್ಲ ಅಂತ ಅಲ್ಲಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಕಾಳನ್ನೂ ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಬಾಡಿಸುತ್ತಾರಂತೆ. "ಸಿನ್ ಮಾಂತೇಕಾ" ಅಂತಲೂ ಕೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಮೂರನೇ ದಿನ ಶನಿವಾರ. ಊರಿನ ದಕ್ಷಿಣಕ್ಕೆ ಕೊಯೊಆಕಾನ್ ಎಂಬ ಹಳೆಯ ಬಡಾವಣೆ ಇದೆ. ಅಲ್ಲಿಯ ಮಾರ್ಕೆಟ್ ಸುತ್ತ ಸುಮ್ನೆ ಅಲೆಯುತ್ತಿದ್ದೆ. ಸತ್ತ ಹಿರಿಯರ ಹಬ್ಬ ಹತ್ತಿರ ಬಂದಿತ್ತು. ಎಲ್ಲಿ ನೋಡಿದರೂ ಚೆಂಡು ಹೂವಿನ ರಾಶಿ. ನಮ್ಮ ದೀಪಾವಳಿ ಮಾರ್ಕೆಟ್ಟಿಗೇ ಬಂದ ಹಾಗಾಯಿತು. ಚೆಂಡು ಹೂವಿನ ಮೂಲ ಊರೇ ಅದು, ನಮಗೆ ಆಮೇಲೆ ಬಂದಿದ್ದು. ಆ ಹೂವಿನ ಸಾಲಿನ ತುದಿಯಲ್ಲಿ ಒಂದು ಸದ್ದು ಕೇಳಿಸಿತು. ಟಪ್ ಟಪ್ ಟಪ್. ಬೆಳಿಗ್ಗೆ ಆರಕ್ಕೆ ಅವ್ವ ರೊಟ್ಟಿ ತಟ್ಟುವ ಸದ್ದು. ತಿರುಗಿ ನೋಡದೆ ಇರಲು ಆಗಲಿಲ್ಲ.

ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ದೊಡ್ಡ ಹೆಂಚು. ಅದಕ್ಕೆ ಅಲ್ಲಿ ಕೊಮಾಲ್ ಅನ್ನುತ್ತಾರೆ. ಪಕ್ಕದ ಬೋಗುಣಿಯಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ನೇರಳೆ ಹಿಟ್ಟು. ಅದು ನೀಲಿ ಮೆಕ್ಕೆಜೋಳದ ಹಿಟ್ಟು, ಬಣ್ಣ ಹಾಕಿದ್ದಲ್ಲ. ಅವರು ಒಂದು ಉಂಡೆ ತೆಗೆದುಕೊಂಡು ಹೆಬ್ಬೆರಳಿನಿಂದ ಗುಳಿ ಮಾಡಿದರು. ಕಾಳು ಅರೆದ ಹೂರಣ ಇಟ್ಟರು. ಬಾಯಿ ಮುಚ್ಚಿದರು. ಹೋಳಿಗೆಗೆ ಕಣಕ ಮುಚ್ಚುವಾಗ ಬೆರಳು ಹೇಗೆ ತಿರುಗುತ್ತವೋ ಹಾಗೆಯೇ. ಆಮೇಲೆ ಎರಡೂ ಕೈಯಲ್ಲಿ ಆಡಿಸುತ್ತ ತಟ್ಟಿ, ಎರಡು ತುದಿ ಚೂಪಾದ ಆಕಾರಕ್ಕೆ ತಂದು ಹೆಂಚಿಗೆ ಹಾಕಿದರು. ಎಣ್ಣೆ ಒಂದು ಹನಿ ಇಲ್ಲ.

ಚೀಟಿ ತೋರಿಸಿದೆ. ಓದಿ ನಕ್ಕರು, ತಲೆಯಾಡಿಸಿದರು. ಸುಟ್ಟ ಮೇಲೆ ಅದರ ಮೇಲೆ ಒಂದು ಹಸಿರು ಪಲ್ಯ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಪುಡಿ ಮಾಡಿದ ಬಿಳಿ ಚೀಸ್, ಕೆಂಪು ಚಟ್ನಿ. ತಟ್ಟೆಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಅದರ ಮೇಲೆ ಬಡಿಸಿದರು. ತಿಂದ ಮೇಲೆ ಚೀಲ ಎಸೆದರಾಯಿತು, ತಟ್ಟೆ ತೊಳೆಯಬೇಕಾಗಿಲ್ಲ. ಹಸಿರು ಪಲ್ಯ ಸ್ವಲ್ಪ ಹುಳಿ, ಸ್ವಲ್ಪ ಲೋಳೆ, ಬೆಂಡೆಕಾಯಿಯ ದಾಯಾದಿ ಇದ್ದಂತಿತ್ತು. ಏನಿದು ಅಂತ ಪಕ್ಕದಲ್ಲಿ ನಿಂತು ತಿನ್ನುತ್ತಿದ್ದವರನ್ನು ಕೇಳಿದೆ. ಅವರು ಫೋನಿನಲ್ಲಿ ಚಿತ್ರ ತೋರಿಸಿದರು. ಪಾಪಾಸುಕಳ್ಳಿ! ನಮ್ಮಲ್ಲಿ ಹೊಲದ ಬೇಲಿಯಲ್ಲಿ ಬೆಳೆಯುವ, ಚಿಕ್ಕವನಿದ್ದಾಗ ನನ್ನ ಕಾಲಿಗೆ ನೂರಾರು ಮುಳ್ಳು ಚುಚ್ಚಿದ ಕಳ್ಳಿಯ ಜಾತಿ. ಅಲ್ಲಿ ಮುಳ್ಳು ತೆಗೆದು, ಹೆಚ್ಚಿ, ತರಕಾರಿ ಅಂಗಡಿಯಲ್ಲಿ ಮಾರುತ್ತಾರೆ.

ಒಂದು ತಿಂದೆ. ಇನ್ನೊಂದು ಅಂದೆ. ಹಿಟ್ಟಿನಲ್ಲಿ ಏನೋ ಒಂದು ವಾಸನೆ ಇತ್ತು. ಗೊತ್ತಿರುವ ವಾಸನೆ, ಆದರೆ ಎಲ್ಲಿಯದು ಅಂತ ಹೊಳೆಯುತ್ತಿಲ್ಲ. ಮೂರನೆಯದು ತಿನ್ನುವಾಗ ಹೊಳೆಯಿತು. ಅಜ್ಜಿಯ ಎಲೆ ಅಡಿಕೆ ಚಂಚಿ. ಸುಣ್ಣದ ವಾಸನೆ.

ಉಳಿದ ಒಂಬತ್ತು ದಿನ ಆ ಸುಣ್ಣದ ಹಿಂದೆಯೇ ಬಿದ್ದೆ ಅನ್ನಬೇಕು. ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ನೆನೆಸಿ, ತೊಳೆದು, ಹಸಿಯಾಗಿಯೇ ಅರೆಯುತ್ತಾರೆ. ಹಾಗೆ ಬೇಯಿಸಿದ ಕಾಳಿಗೆ ನಿಶ್ತಮಾಲ್ ಅಂತ ಹೆಸರು. ಅಲ್ಲಿಯ ಹಳೆಯ ನಾವಾತ್ಲ್ ಭಾಷೆಯಲ್ಲಿ ನೆಶ್ತ್ಲಿ ಅಂದರೆ ಬೂದಿ. ಸುಣ್ಣ ಇಲ್ಲದ ಕಡೆ ಮರದ ಬೂದಿಯಿಂದಲೂ ಈ ಕೆಲಸ ಆಗುತ್ತದೆ. ಈ ಹಿಟ್ಟಿನ ತೆಳು ರೊಟ್ಟಿಗೆ ತೊರ್ತಿಯಾ ಅನ್ನುತ್ತಾರೆ. ಬೀದಿ ಬೀದಿಗೂ ಇರುವ ತೊರ್ತಿಯಾ ಅಂಗಡಿಗಳಲ್ಲಿ ಬೆಳಿಗ್ಗೆ ಜನ ಬಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ. ಕಿಲೋ ಲೆಕ್ಕದಲ್ಲಿ ಬಿಸಿ ಬಿಸಿ ಕಟ್ಟಿಸಿಕೊಂಡು ಹೋಗುತ್ತಾರೆ. ಚಪುಲ್ತೆಪೆಕ್ ಪಾರ್ಕಿನಲ್ಲಿರುವ ಮಾನವಶಾಸ್ತ್ರ ಮ್ಯೂಸಿಯಂನಲ್ಲಿ ಮೂರು ಕಾಲಿನ ಇಳಿಜಾರು ಕಲ್ಲುಗಳನ್ನು ಇಟ್ಟಿದ್ದಾರೆ. ಮೆತಾತೆ ಅಂತ ಹೆಸರು. ಅದರ ಮುಂದೆ ಮಂಡಿಯೂರಿ ಕೂತು, ಉದ್ದನೆಯ ಗುಂಡನ್ನು ಎರಡು ಕೈಯಲ್ಲಿ ಹಿಡಿದು ಅರೆಯುತ್ತಿದ್ದರು. ಚಿನ್ನದ ಒಡವೆ, ಪಂಚಾಂಗದ ಕಲ್ಲು ನೋಡಲು ಜನ ಮುಗಿಬಿದ್ದಿದ್ದರು. ನಾನು ಈ ಅರೆಯುವ ಕಲ್ಲಿನ ಮುಂದೆ ಅರ್ಧ ಗಂಟೆ ನಿಂತಿದ್ದೆ.

ಆದರೆ ನನ್ನ ತಲೆ ಕೆಡಿಸಿದ್ದು ಹೋಟೆಲ್ ಹಿಂದಿನ ಬೀದಿಯ ಒಂದು ಹಿಟ್ಟಿನ ಗಿರಣಿ. ಒಳಗೆ ಎರಡು ದುಂಡನೆಯ ಕಲ್ಲು ಮುಖಕ್ಕೆ ಮುಖ ಕೊಟ್ಟು ತಿರುಗುತ್ತವೆ, ನಡುವಿನಿಂದ ಹಸಿ ಹಿಟ್ಟು ಜಾರಿ ಬೀಳುತ್ತದೆ. ನಾನು ಹೋದಾಗ ಮಷಿನ್ ನಿಂತಿತ್ತು. ಒಬ್ಬಾತ ಕಲ್ಲನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಸಣ್ಣ ಉಳಿಯಿಂದ ಟಿಣ್ ಟಿಣ್ ಅಂತ ಕುಟ್ಟುತ್ತಿದ್ದ. ಅರೆ, ಇದು ಕಕ್ಕು ಹಾಕುವುದಲ್ವಾ! ಸವೆದು ನುಣುಪಾದ ಕಲ್ಲನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡುವುದು. ನಮ್ಮ ಬೀದಿಯಲ್ಲಿ ಮೊದಲು ಹೆಂಗಸರು ಕೂಗುತ್ತ ಬಂದು ಬೀಸುವ ಕಲ್ಲಿಗೆ, ಒಳಕಲ್ಲಿಗೆ ಕಕ್ಕು ಹಾಕಿ ಹೋಗುತ್ತಿದ್ದರು.

ಸುಣ್ಣ ಮನೆಯಲ್ಲಿದೆ. ಕಲ್ಲು ಮನೆಯಲ್ಲಿದೆ. ಹೆಂಚು ಇದೆ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕಂತೂ ಬರವೇ ಇಲ್ಲ. ಬರುವಾಗ ಚೀಲದಲ್ಲಿ ಒಂದು ಚೂರು ಸಾಮಾನೂ ತರಲಿಲ್ಲ.

ನವೆಂಬರ್, ದಾವಣಗೆರೆ. ಊರ ಹೊರಗಿನ ರಸ್ತೆಗಳ ಅರ್ಧ ಭಾಗ ಹಳದಿ. ಕೊಯ್ದ ಕಾಳನ್ನು ಡಾಂಬರಿನ ಮೇಲೆ ಒಣ ಹಾಕಿದ್ದರು. ಇದರಲ್ಲಿ ಜಾಸ್ತಿ ಪಾಲು ಕೋಳಿ ಆಹಾರಕ್ಕೆ, ಸ್ಟಾರ್ಚ್ ಫ್ಯಾಕ್ಟರಿಗೆ ಹೋಗುತ್ತದೆ. ಚಿಕ್ಕಪ್ಪನ ಹೊಲದಿಂದ ಐದು ಕೆಜಿ ತಂದೆ. ಇಲ್ಲಿ ಒಂದು ಮಾತು. ಬಿತ್ತನೆ ಬೀಜದ ಪ್ಯಾಕೆಟ್ ಮಾತ್ರ ಮುಟ್ಟಬೇಡಿ, ಅದಕ್ಕೆ ವಿಷ ಸವರಿರುತ್ತಾರೆ. ಬಣ್ಣ ನೋಡಿದರೆ ಗೊತ್ತಾಗುತ್ತದೆ. ಗೋದಾಮಿನಲ್ಲಿ ಹುಳ ಸಾಯಲೆಂದು ಮಾತ್ರೆ ಇಟ್ಟ ಕಾಳೂ ಬೇಡ. ಬೂಷ್ಟು ಹಿಡಿದ ಕಾಳು ಒಂದೇ ಇದ್ದರೂ ಆರಿಸಿ ಎಸೆಯಿರಿ.

ಮೊದಲ ಎರಡು ಸಲದ್ದು ಹೇಳುವಂಥದ್ದೇನಿಲ್ಲ. ಹಿಟ್ಟು ಒಂದು ಸಲ ಮರಳು, ಒಂದು ಸಲ ಗಂಜಿ. ಮೂರನೇ ಸಲ ಅರ್ಧ ಕೆಜಿ ಕಾಳು, ಒಂದೂವರೆ ಲೀಟರ್ ನೀರು, ಒಂದು ಚಮಚ ಸುಣ್ಣ ಕಲಸಿ ಅವ್ವನ ದೊಡ್ಡ ಅಲ್ಯುಮಿನಿಯಂ ಡಬರಿಯಲ್ಲಿ ಒಲೆಗಿಟ್ಟೆ. ನೀರು ಕುದಿಯುವ ಮೊದಲೇ ಪಾತ್ರೆಯ ಒಳಗೋಡೆಯಿಂದ ಸಣ್ಣ ಸಣ್ಣ ಗುಳ್ಳೆ ಏಳತೊಡಗಿತು. ಪಾತ್ರೆ ಕಪ್ಪಾಯಿತು. ಆಗ ಹೊಳೆಯಿತು. ಸುಣ್ಣದ ನೀರು ಅಲ್ಯುಮಿನಿಯಂ ಅನ್ನು ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ. ಹೈಸ್ಕೂಲಿನಲ್ಲಿ ಓದಿದ್ದು. ಅಷ್ಟನ್ನೂ ಚೆಲ್ಲಿದೆ. ಡಬರಿಯ ಒಳಗೆ ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿದ್ದವು. ಇನ್ನು ಮೇಲೆ ಸ್ಟೀಲ್ ಪಾತ್ರೆ ಮಾತ್ರ.

ಡೈರಿಯ ಮೊದಲ ಪುಟ ಸುಣ್ಣದ ಲೆಕ್ಕ. ಅಲ್ಲಿಯವರು ಹೇಳಿದ್ದು 1 ಕೆಜಿ ಕಾಳಿಗೆ 10 ಗ್ರಾಂ ಸುಣ್ಣ. ಆದರೆ ಅದು ಒಣ ಪುಡಿಯ ಲೆಕ್ಕ. ನಮ್ಮ ಎಲೆ ಅಡಿಕೆ ಸುಣ್ಣ ಒದ್ದೆ. ಅದರಲ್ಲಿ ನೀರೆಷ್ಟು? 20 ಗ್ರಾಂ ತೂಗಿ, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿದೆ. 11 ಗ್ರಾಂ ಉಳಿಯಿತು. ಅಂದರೆ ಅರ್ಧ ಕೆಜಿ ಕಾಳಿಗೆ ಬೇಕಾದ 5 ಗ್ರಾಂಗೆ ನಾನು 9 ಗ್ರಾಂ ಒದ್ದೆ ಸುಣ್ಣ ಹಾಕಬೇಕು. ಅಡುಗೆಮನೆಗೆ ತರಬೇಕಾದ್ದು ತಿನ್ನುವ ಸುಣ್ಣ, ಗೋಡೆಗೆ ಬಳಿಯುವುದಲ್ಲ. ಬಣ್ಣ, ವಾಸನೆ ಸೇರಿಸಿದ ಡಬ್ಬಿಯೂ ಬೇಡ. ಸಂತೆಯಲ್ಲಿ ಎಲೆ ಮಾರುವ ಅಜ್ಜಿಯ ಹತ್ತಿರ ತಂದಿದ್ದು ಚೆನ್ನಾಗಿತ್ತು.

"ಬೇಯೋ ಕಾಳಿಗೆ ಸುಣ್ಣ ಯಾಕ ಹಾಕ್ತಾರ?" ಅವ್ವ ಕೇಳಿದಳು. ಎರಡು ಕಾರಣ ಹೇಳಿದೆ. ಒಂದು, ಕಾಳಿನ ಗಟ್ಟಿ ಸಿಪ್ಪೆ ಕರಗಿ ಬಿಡುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ. ಸುಮ್ಮನೆ ಬೀಸಿದ ಮೆಕ್ಕೆಜೋಳದ, ನಮ್ಮ ಮಾತಿನಲ್ಲಿ ಗೋವಿನಜೋಳದ, ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತದೆ ಅಂತ ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು. ಎರಡನೆಯದು ಸ್ವಲ್ಪ ದೊಡ್ಡ ಕಥೆ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ ವಿಟಮಿನ್ ಇದೆ. ಆದರೆ ಅದು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಹಾಗೇ ತಿಂದರೆ ಮೈಗೆ ಹತ್ತುವುದಿಲ್ಲ. ಸುಣ್ಣದಲ್ಲಿ ಬೆಂದರೆ ಬಿಡಿಸಿಕೊಳ್ಳುತ್ತದೆ. ಸ್ಪೇನಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಆಮೇಲೆ ಯುರೋಪಿನಲ್ಲಿ ಬರೀ ಮೆಕ್ಕೆಜೋಳ ತಿಂದು ಬದುಕಿದ ಬಡವರಿಗೆ ಚರ್ಮ ಸುಲಿಯುವ, ತಲೆ ಕೆಡುವ ಪೆಲಾಗ್ರ ರೋಗ ಬಂತು. 1735ರಲ್ಲೇ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು ಬರೆದಿಟ್ಟಿದ್ದ. ಕಾರಣ ಗೊತ್ತಾಗಲು ಇನ್ನೂರು ವರ್ಷ ಹಿಡಿಯಿತು. ನಮ್ಮ ದಖನ್ನಿನಲ್ಲಿ ಬರೀ ಜೋಳ ತಿನ್ನುವ ಬಡವರಲ್ಲೂ ಈ ರೋಗ ಕಂಡಿತ್ತು. ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಶ್ರೀಕಂಟಿಯ ಅದರ ಮೇಲೆ ಕೆಲಸ ಮಾಡಿ 1960ರಲ್ಲಿ ಪ್ರಕಟಿಸಿದರು. ಅವ್ವ ಪೂರ್ತಿ ಕೇಳಿ, "ಬರೇ ರೊಟ್ಟಿ ಯಾರು ತಿಂತಾರ, ಜೊತಿಗೆ ಕಾಳು ಪಲ್ಲೆ ಇರಬೇಕು" ಅಂದಳು. ಅಷ್ಟೇ ವಿಷಯ ನಿಜ.

ಬೇಯಿಸುವ ಹೊತ್ತಿನಲ್ಲಿ ನಾನು ಜಾಣತನ ತೋರಿಸಲು ಹೋಗಿ ಬಿದ್ದೆ. ಮೆಕ್ಸಿಕೋ ಸಿಟಿ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ದಾವಣಗೆರೆ ಸುಮಾರು 600 ಮೀಟರ್, ಇಲ್ಲಿ 98 ಡಿಗ್ರಿ. ಅಲ್ಲಿ 30 ನಿಮಿಷ ಬೇಯಿಸಿದರೆ ಇಲ್ಲಿ 20 ಸಾಕು ಅಂತ ಲೆಕ್ಕ ಹಾಕಿದೆ. 20 ನಿಮಿಷಕ್ಕೆ ಇಳಿಸಿ, ರಾತ್ರಿ ನೆನೆಸಿ, ಬೆಳಿಗ್ಗೆ ಕಚ್ಚಿ ನೋಡಿದರೆ ಹಲ್ಲು ನೋವು. ಲೆಕ್ಕ ಸರಿ ಇತ್ತು, ಕಾಳು ಬೇರೆ. ಅಲ್ಲಿಯದು ಮೆತ್ತನೆಯ ಹಿಟ್ಟಿನ ಕಾಳು. ನಮ್ಮ ಹೈಬ್ರಿಡ್ ಗಾಜಿನ ಹಾಗೆ ಗಟ್ಟಿ. ಕೊನೆಗೆ ಕೂತಿದ್ದು ಸಣ್ಣ ಉರಿಯಲ್ಲಿ 40 ನಿಮಿಷ, ಮುಚ್ಚಿಟ್ಟು 12 ಗಂಟೆ. ಗಡಿಯಾರಕ್ಕಿಂತ ಬೆರಳನ್ನು ನಂಬುವುದು ವಾಸಿ. ಕಾಳನ್ನು ಎರಡು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರಬೇಕು. ಕಚ್ಚಿದರೆ ನಡುವೆ ಗುಂಡುಸೂಜಿ ತಲೆಯಷ್ಟು ಬಿಳಿ ಚುಕ್ಕೆ ಉಳಿದಿರಬೇಕು. ಪೂರ್ತಿ ಬೆಂದರೆ ಹಿಟ್ಟು ಅಂಟಾಗುತ್ತದೆ. ಹಳದಿ ಕಾಳು ಬೆಳಗಾಗುವಷ್ಟರಲ್ಲಿ ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಅಡುಗೆಮನೆ ತುಂಬ ಅಜ್ಜಿಯ ಚಂಚಿಯ ವಾಸನೆ. ಆ ಹೊತ್ತಿಗೆ ನಾನು ಸರಿ ದಾರಿಯಲ್ಲಿದ್ದೇನೆ ಅಂತ ಧೈರ್ಯ ಬಂತು.

ಇನ್ನು ಅರೆಯುವುದು. ಮಿಕ್ಸಿಗೆ ಹಾಕಿದೆ. ನೀರು ಕಡಿಮೆ ಇದ್ದರೆ ಬ್ಲೇಡು ಗಾಳಿಯಲ್ಲಿ ತಿರುಗುತ್ತದೆ, ಕಾಳು ಜಾರಿನ ಗೋಡೆಗೆ ಅಂಟಿ ಕೂರುತ್ತದೆ. ನೀರು ಹಾಕಿದರೆ ದೋಸೆ ಹಿಟ್ಟು. ಅದನ್ನು ಅವ್ವ ದೋಸೆಯನ್ನೇ ಹೊಯ್ದಳು, ಪರವಾಗಿಲ್ಲ ಇತ್ತು. ಗ್ರೈಂಡರಿನಲ್ಲಿ ಹಿಟ್ಟು ಗಟ್ಟಿಯಾದ ತಕ್ಷಣ ಗುಂಡುಗಳು ಅದರ ಮೇಲೆ ಹತ್ತಿ ಕೂತವು, ಬೆಲ್ಟ್ ಸುಟ್ಟ ವಾಸನೆ ಬಂತು. ಆರಿಸಿದೆ. ಇನ್ನೊಂದು ಪಾತ್ರೆಯ ಕಥೆ ಆಗುವುದು ಬೇಡ.

ಹಿತ್ತಲಿಗೆ ಹೋದೆ. ಅಜ್ಜಿಯ ಬೀಸುವ ಕಲ್ಲು 14 ಅಂಗುಲ ಅಗಲದ್ದು. ಮೇಲಿನ ಕಲ್ಲು ಬಚ್ಚಲ ಬಾಗಿಲಲ್ಲಿ ಕಾಲು ಉಜ್ಜುವ ಕಲ್ಲಾಗಿತ್ತು. ಕೆಳಗಿನದರ ಮೇಲೆ ತುಳಸಿ ಕುಂಡ. ಕುಂಡ ಇಳಿಸಲು ಅವ್ವನ ಅನುಮತಿ ಸಿಗಲು ಎರಡು ದಿನ ಬೇಕಾಯಿತು. ಪಾಚಿ ಉಜ್ಜಿ, ಬಿಸಿನೀರು ಹೊಯ್ದು, ಮೂರು ದಿನ ಬಿಸಿಲಿಗೆ ಇಟ್ಟೆ. ಮುಖ ನೋಡಿದರೆ ಎರಡೂ ಕಲ್ಲು ಕನ್ನಡಿಯ ಹಾಗೆ ನುಣುಪು. ಹಿಡಿ ಗೂಟ ಗೆದ್ದಲು ತಿಂದು ಟೊಳ್ಳು. ನಡುವಿನ ಕಬ್ಬಿಣದ ಗೂಟ ಮಾತ್ರ ಗಟ್ಟಿಯಾಗಿತ್ತು.

ಕಕ್ಕು ಹಾಕುವವರು ನಮ್ಮ ಬೀದಿಗೆ ಬಂದು ವರ್ಷಗಳಾದವು. ಹೈವೇ ಪಕ್ಕದಲ್ಲಿ ಒಳಕಲ್ಲು, ರುಬ್ಬುಗುಂಡು ಹರವಿಕೊಂಡು ಮಾರುವ ಒಂದು ಕುಟುಂಬದ ಹತ್ತಿರ ಕಲ್ಲುಗಳನ್ನು ಆಟೋದಲ್ಲಿ ಹಾಕಿಕೊಂಡು ಹೋದೆ. ಆ ಹೆಂಗಸು ಬೆರಳಿಂದ ಮುಖ ಸವರಿ ನೋಡಿ, "ಇದು ಚಲೋ ಕಲ್ಲು ಅಣ್ಣಾ, ಈಗ ಸಿಗಂಗಿಲ್ಲ. ಏನು ಬೀಸ್ತೀರಿ?" ಎಂದಳು. ಬೇಯಿಸಿದ ಗೋವಿನಜೋಳ ಅಂದೆ. ಅವಳು ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಉಳಿ ಎತ್ತಿಕೊಂಡಳು.

ಅರ್ಧ ಕಲ್ಲು ನಾನು ಮಾಡುತ್ತೇನೆ ಅಂತ ಕೇಳಿಕೊಂಡೆ. ಉಳಿಯನ್ನು ಸ್ವಲ್ಪ ಓರೆ ಹಿಡಿಯಬೇಕು. ಸುತ್ತಿಗೆಯ ಭಾರವೇ ಕೆಲಸ ಮಾಡಬೇಕು, ತೋಳಲ್ಲ. ಜೋರಾಗಿ ಹೊಡೆದರೆ ಚಕ್ಕೆ ಏಳುತ್ತದೆ. ನಡುವೆ ಬಾಯಿಯ ಸುತ್ತ ಕಕ್ಕು ಆಳ, ದೂರ ದೂರ. ಅಂಚಿಗೆ ಬರುತ್ತ ಸಣ್ಣ, ಒತ್ತೊತ್ತು. ಕಾಳು ನಡುವೆ ಒಡೆದು, ಅಂಚಿಗೆ ಬರುವಷ್ಟರಲ್ಲಿ ನುಣ್ಣಗಾಗಬೇಕಲ್ಲ, ಅದಕ್ಕೆ. ಅದನ್ನು ಅವಳು ಮಾತಿನಲ್ಲಿ ಹೇಳಲಿಲ್ಲ, ಬೆರಳಿಟ್ಟು ತೋರಿಸಿದಳು. ನನ್ನ ಕಾಲು ಭಾಗಕ್ಕೆ ಒಂದೂವರೆ ಗಂಟೆ, ಕನ್ನಡಕದ ಮೇಲೆ ಎರಡು ಗೀರು. ಉಳಿದದ್ದನ್ನು ಅವಳು ಎಲೆ ಅಡಿಕೆ ಜಗಿಯುತ್ತ ನಲವತ್ತು ನಿಮಿಷದಲ್ಲಿ ಮುಗಿಸಿದಳು. ನಾನು ಹೊಡೆದ ಭಾಗವನ್ನೂ ಒಂದು ಸುತ್ತು ತಿದ್ದಿದಳು. ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟೆ. ಸುಣ್ಣವೂ ಅಲ್ಲೇ ಅವಳ ಡಬ್ಬಿಯಲ್ಲಿ ಇತ್ತು, ನೋಡಿ ನಗು ಬಂತು.

ಮನೆಗೆ ತಂದು ಜಾಲಿ ಮರದ ಹೊಸ ಗೂಟ ಹಾಕಿದೆ, ಸುತ್ತ ಬಟ್ಟೆ ಚೂರು ತುರುಕಿ ಬಿಗಿ ಮಾಡಿದೆ. ಕಕ್ಕು ಹಾಕಿದ ಹೊಸದರಲ್ಲಿ ಕಲ್ಲಿನ ಪುಡಿ ಬರುತ್ತದೆ. ತೌಡು ಎರಡು ಸಲ, ನುಚ್ಚಕ್ಕಿ ಎರಡು ಸಲ ಬೀಸಿ ಹೊರಗೆ ಹಾಕಿದೆ. ನಾಲ್ಕನೆಯ ಸಲದ ಹಿಟ್ಟನ್ನು ಹಲ್ಲಿನ ನಡುವೆ ಇಟ್ಟು ನೋಡಿದರೆ ಕರಕರ ಇರಲಿಲ್ಲ.

ಆಮೇಲೆ ಬೆಂದ ಕಾಳು ಹಾಕಿ ತಿರುಗಿಸಿದೆ. ಎರಡು ಸುತ್ತು ತಿರುಗಿತು, ನಿಂತಿತು. ಹಿಟ್ಟು ಅಂಟಿನ ಹಾಗೆ ಎರಡೂ ಕಲ್ಲನ್ನು ಹಿಡಿದುಕೊಂಡುಬಿಟ್ಟಿತ್ತು. ಮೇಲಿನ ಕಲ್ಲು ಎತ್ತಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಯಿತು. ಒಣ ಕಾಳಿಗೆ ಮಾಡಿದ ಕಲ್ಲು ಇದು. ಹಸಿ ಹಿಟ್ಟಿಗೆ ನಡುವೆ ಸ್ವಲ್ಪ ಜಾಗ ಬೇಕು. ಸ್ಕೂಟರ್ ಗ್ಯಾರೇಜಿನಿಂದ 2 ಮಿಲಿಮೀಟರ್ ದಪ್ಪದ ವಾಷರ್ ತಂದು, ಕುದಿಸಿ ತೊಳೆದು, ಮೇಲಿನ ಕಲ್ಲು ಕೂರುವ ಕಡೆ ನಡುಗೂಟಕ್ಕೆ ಹಾಕಿದೆ. ಕಲ್ಲು ಸ್ವಲ್ಪ ಎದ್ದಿತು. ಒಂದು ಸಲಕ್ಕೆ ಅರ್ಧ ಹಿಡಿ ಕಾಳು, ಒಂದು ಚಮಚ ನೀರು. ಈಗ ತಿರುಗಿತು. ಅಂಚಿನಿಂದ ಹಳದಿ ಹಿಟ್ಟು ಚಕ್ಕುಲಿಯ ಎಳೆಯ ಹಾಗೆ ಹೊರಗೆ ಬಂತು. ತರಿತರಿ ಇತ್ತು. ವಾಷರ್ ತೆಗೆದು, ಅದೇ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಎರಡನೇ ಸಲ ಬಿಟ್ಟೆ. ನುಣ್ಣಗಾಯಿತು. ಮೊದಲ ಸುತ್ತಿನಲ್ಲಿ ಒಡೆದ ಕಾಳಾದ್ದರಿಂದ ಈ ಸಲ ಕಲ್ಲು ಹಿಡಿಯಲಿಲ್ಲ.

ಅರ್ಧ ಕೆಜಿ ಒಣ ಕಾಳಿಗೆ 860 ಗ್ರಾಂ ಹಿಟ್ಟು. ಇಬ್ಬರು ಎದುರುಬದುರು ಕೂತು 50 ನಿಮಿಷ. ನಡುವೆ ಅವ್ವ ಅಜ್ಜಿ ಹಾಡುತ್ತಿದ್ದ ಬೀಸುವ ಪದದ ಎರಡು ಸಾಲು ಗುನುಗಿದಳು. ಮೂರನೆಯದು ನೆನಪಾಗದೆ ನಿಲ್ಲಿಸಿದಳು. ಇಬ್ಬರ ತೋಳೂ ಎರಡು ದಿನ ನೋವು.

ಇದರ ನಡುವೆ ಒಂದು ಪ್ರೆಸ್ ಕೂಡ ಮಾಡಿದೆ. ನಿಜ ಹೇಳಬೇಕೆಂದರೆ ತ್ಲಾಕೋಯೊಗೆ ಅದು ಬೇಕಿಲ್ಲ, ಅದನ್ನು ಕೈಯಲ್ಲೇ ತಟ್ಟುತ್ತಾರೆ. ತೊರ್ತಿಯಾ ಒತ್ತಲು ಬೇಕು ಅಂತ ನೆಪ ಹೇಳಿಕೊಂಡೆ. ಮಾಡುವ ಚಟ, ಅಷ್ಟೇ. ಹಳೇ ಬಾಗಿಲ ಚೌಕಟ್ಟಿನ ತೇಗದ ತುಂಡುಗಳನ್ನು ಬಡಗಿಯ ಹತ್ತಿರ ಜೋಡಿಸಿ, 10 ಅಂಗುಲ ಚೌಕದ, ಒಂದೂವರೆ ಅಂಗುಲ ದಪ್ಪದ ಎರಡು ಹಲಗೆ ಮಾಡಿಸಿದೆ. ಹಿಂದೆ ಎರಡು ಹಿತ್ತಾಳೆ ತಿರುಗಣೆ. ಮುಂದೆ ಕೆಳ ಹಲಗೆಗೆ ಬೋಲ್ಟ್ ಹಾಕಿ, ಮೇಲಕ್ಕೆ ಎದ್ದು ಬಂದು ಒತ್ತುವ ಒಂದು ಹಿಡಿಕೆ. ಮೊದಲ ಉಂಡೆ ಇಟ್ಟು ಒತ್ತಿದರೆ ತಿರುಗಣೆಯ ಕಡೆ ಹಾಳೆಯಷ್ಟು ತೆಳು, ಹಿಡಿಕೆಯ ಕಡೆ ಬಿಸ್ಕತ್ತಿನಷ್ಟು ದಪ್ಪ. ಹಲಗೆಗಳು ಪೂರ್ತಿ ಮುಚ್ಚಿದಾಗ ಹಿಂದೆ ಜಾಗವೇ ಉಳಿಯುತ್ತಿರಲಿಲ್ಲ. ತಿರುಗಣೆಯ ಕೆಳಗೆ ರೊಟ್ಟಿಯ ದಪ್ಪದಷ್ಟೇ ತಗಡು ಕೊಟ್ಟು ಎತ್ತರಿಸಿದೆ. ಒಂದು ಸಲ ಒತ್ತಿ, ಅರ್ಧ ಸುತ್ತು ತಿರುಗಿಸಿ ಇನ್ನೊಂದು ಸಲ ಒತ್ತಿದರೆ ಸಮ. ಮೇಲೆ ಕೆಳಗೆ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಹಾಕಿದ ಹಾಳೆ. ಅಲ್ಲಿಯೂ ಪ್ಲಾಸ್ಟಿಕ್ ಚೀಲ ಕತ್ತರಿಸಿಯೇ ಹಾಕುತ್ತಿದ್ದರು.

ಹೆಂಚಿನ ವಿಷಯ ಬೇಗ ಮುಗಿಸುತ್ತೇನೆ, ನೆನೆಸಿಕೊಂಡರೆ ಬೇಜಾರು. ಅಲ್ಲಿ ಮಣ್ಣಿನ ಹೆಂಚಿಗೆ ಸುಣ್ಣದ ನೀರು ಬಳಿಯುತ್ತಾರೆ, ಹಿಟ್ಟು ಅಂಟದಿರಲಿ ಅಂತ. ಕುಂಬಾರರ ಹತ್ತಿರ ಚೆಂದದ ಮಣ್ಣಿನ ಹೆಂಚು ತಂದೆ, ಸುಣ್ಣ ಬಳಿದೆ, ಒಣಗಿಸಿದೆ. ಸೌದೆ ಒಲೆಗೆ ಇಟ್ಟಿದ್ದರೆ ಬದುಕುತ್ತಿತ್ತೇನೋ. ನಾನು ಗ್ಯಾಸಿನ ಮೇಲೆ ದೊಡ್ಡ ಉರಿಯಲ್ಲಿಟ್ಟೆ. ನಡುವೆ ಮಾತ್ರ ಕಾದು, ಅಂಚು ತಣ್ಣಗಿದ್ದು, ಟಣ್ ಅಂತ ಎರಡು ಹೋಳು. ಅವ್ವ ಮಾತಾಡದೆ ತನ್ನ ಕಬ್ಬಿಣದ ರೊಟ್ಟಿ ಹೆಂಚು ತಂದು ಒಲೆಯ ಮೇಲಿಟ್ಟಳು.

ಡಿಸೆಂಬರ್ ಮೂರನೇ ಭಾನುವಾರ. ಏಳನೇ ಪ್ರಯತ್ನ. ಅಲ್ಲಿ ಹೂರಣಕ್ಕೆ ಹಾಬಾ ಎಂಬ ದೊಡ್ಡ ಕಾಳು ಹಾಕುತ್ತಾರೆ. ನಮ್ಮಲ್ಲಿ ಅವರೆ ಸುಗ್ಗಿ. ಹಿತಕಿದ ಅವರೆಯನ್ನು ಉಪ್ಪು, ಒಂದು ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ನೀರು ಬಸಿದು, ಗಟ್ಟಿಯಾಗಿ ಅರೆದೆ. ಕಳ್ಳಿಯ ಬದಲು ಬೆಂಡೆಕಾಯಿಯನ್ನು ಎಣ್ಣೆಯಿಲ್ಲದೆ ಹುರಿದು ನಿಂಬೆರಸ ಹಿಂಡಿದೆ. ಬೇಲಿಯ ಪಾಪಾಸುಕಳ್ಳಿ ತರುವ ಧೈರ್ಯ ಆಗಲಿಲ್ಲ, ಕಾಲು ಮರೆತಿಲ್ಲ. ಟೊಮೇಟೊ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿಯನ್ನು ಹೆಂಚಿನ ಮೇಲೆ ಕಪ್ಪಾಗುವಷ್ಟು ಸುಟ್ಟು ಒಳಕಲ್ಲಿನಲ್ಲಿ ಕುಟ್ಟಿದೆ. ಚೀಸ್ ಬದಲು ಉಪ್ಪು ಬೆರೆಸಿದ ಪನೀರ್ ಪುಡಿ.

ಮೊದಲು ತೊರ್ತಿಯಾ. 30 ಗ್ರಾಂ ಉಂಡೆ, ಪ್ರೆಸ್ಸಿನಲ್ಲಿ ಐದೂವರೆ ಅಂಗುಲ ಅಗಲ. ಚೆನ್ನಾಗಿ ಕಾದ ಹೆಂಚಿಗೆ ಹಾಕಿ, ಅಂಚು ಬಿಟ್ಟುಕೊಂಡ ತಕ್ಷಣ, ಅಂದರೆ 20 ಸೆಕೆಂಡಿಗೆ ಮಗುಚಬೇಕು. ಎರಡನೇ ಮಗ್ಗುಲು ಒಂದು ನಿಮಿಷ. ಮತ್ತೆ ಮಗುಚಿದಾಗ ಉಬ್ಬಬೇಕು. ಹದಿನಾಲ್ಕರಲ್ಲಿ ಐದು ಉಬ್ಬಿದವು. ಉಬ್ಬದ ಒಂಬತ್ತಕ್ಕೆ ಕಾರಣ ನೀರು ಕಮ್ಮಿ. ಉಂಡೆಯನ್ನು ಅಂಗೈಯಲ್ಲಿ ಒತ್ತಿದಾಗ ಅಂಚು ಬಿರಿದರೆ ಇನ್ನೊಂದು ಚಮಚ ನೀರು ಬೇಕು ಅಂತ ಅರ್ಥ. ಅವ್ವ ಇದನ್ನು ಮೂರನೆಯದಕ್ಕೇ ಹೇಳಿದ್ದಳು. ನಾನು ಡೈರಿ ನೋಡುತ್ತಿದ್ದೆ.

ಆಮೇಲೆ ತ್ಲಾಕೋಯೊ. ನಾನು ತುಂಬಿದ ಮೊದಲ ಎರಡರಲ್ಲಿ ಹೂರಣ ಹೊರಗೆ ಬಂತು. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಕೂತಳು. ಹೋಳಿಗೆಯ ಕೈ ಅದು. ಗುಳಿ ಮಾಡಿ, ತುಂಬಿ, ಮುಚ್ಚಿ, ಎರಡು ಅಂಗೈ ನಡುವೆ ತಟ್ಟಿ, ಎರಡು ತುದಿ ಚೂಪು ಮಾಡಿದಳು. ಆ ಆಕಾರ ಯಾಕೆ ಅಂತ ಕೇಳಲಿಲ್ಲ, ನಾನು ತೋರಿಸಿದ ಫೋಟೋ ನೋಡಿ ಮಾಡಿದಳು. ಟಪ್ ಟಪ್ ಟಪ್. ಹೆಂಚಿನ ಮೇಲೆ ಎರಡೂ ಕಡೆ ನಾಲ್ಕು ನಾಲ್ಕು ನಿಮಿಷ, ಕಪ್ಪು ಚುಕ್ಕೆ ಬೀಳುವವರೆಗೆ.

ಅಲ್ಲಿಯದೇ ರುಚಿ ಬಂತಾ? ವಾಸನೆ ಬಂತು. ಕಣ್ಣು ಮುಚ್ಚಿದರೆ ಆ ಚೆಂಡು ಹೂವಿನ ಸಾಲಿನ ತುದಿಯೇ. ಹಿಟ್ಟಿನ ಹದ ಹತ್ತಿರ ಬಂದಿದೆ, ಆದರೆ ಸ್ವಲ್ಪ ತರಿ ಉಳಿದಿದೆ, ಎರಡನೇ ಸಲ ಬೀಸುವಾಗ ನಾನು ಅವಸರ ಮಾಡಿದೆ. ಹಳದಿ ಕಾಳು ಸಿಹಿ ಜಾಸ್ತಿ, ಆ ನೀಲಿ ಕಾಳಿನಲ್ಲಿದ್ದ ಮಣ್ಣಿನ, ಕಾಯಿಯ ರುಚಿ ಇದರಲ್ಲಿಲ್ಲ. ಚಟ್ನಿ ಮಾತ್ರ ನಮ್ಮದೇ ಮೇಲು, ಇದರಲ್ಲಿ ನನಗೆ ಅನುಮಾನ ಇಲ್ಲ. ಅವ್ವ ಒಂದು ತಿಂದು, "ರೊಟ್ಟಿಗೂ ಹೋಳಿಗಿಗೂ ಹುಟ್ಟಿದ್ದು" ಅಂದಳು. ಎರಡನೆಯದನ್ನು ತುಪ್ಪ ಹಚ್ಚಿಕೊಂಡು ತಿಂದಳು. ಮೆಕ್ಸಿಕೋದವರು ನೋಡಿದರೆ ಏನನ್ನುತ್ತಾರೋ.

ಬಾಕಿ ಇರುವ ಕೆಲಸ: ಮೇಲಿನ ಕಲ್ಲಿನ ಗೂಟ ಹಸಿಗೆ ಊದಿಕೊಂಡಿದೆ, ಒಣಗಿದ ಮೇಲೆ ಸಡಿಲವಾಗುತ್ತದೆ, ಮತ್ತೆ ಬಿಗಿ ಮಾಡಬೇಕು. ತುಳಸಿ ಕುಂಡಕ್ಕೆ ಬೇರೆ ಕಟ್ಟೆ ಕಟ್ಟಬೇಕು, ಸಂಕ್ರಾಂತಿಯ ಒಳಗೆ ಅಂತ ಗಡುವು ಸಿಕ್ಕಿದೆ. ಡಬರಿ ಹೊಸದು ತರಬೇಕು. ಪ್ರೆಸ್ಸಿನ ತಿರುಗಣೆ ಕಿರುಗುಟ್ಟುತ್ತಿದೆ, ಕೊಬ್ಬರಿ ಎಣ್ಣೆ ಹಾಕೋಣ ಅಂತ ನಿನ್ನೆ ಹುಡುಕಿದರೆ ಪ್ರೆಸ್ಸೇ ಇಲ್ಲ. ಅವ್ವ ಅದರಲ್ಲಿ ನಿಪ್ಪಟ್ಟು ಒತ್ತಿ ನೋಡಿದ್ದಾಳೆ, ಚೆನ್ನಾಗಿ ಬಂದಿದೆ, ಪಕ್ಕದ ಮನೆಯವರು ಕೇಳಿ ಒಯ್ದಿದ್ದಾರೆ. ಅವರ ಮಗಳ ಸೀಮಂತ ಮುಗಿದ ಮೇಲೆ ಕೊಡುತ್ತಾರಂತೆ.